ತೆಂಗಿನ ಚಿಪ್ಪು ಕುಡಿದ ಹಳದಿ

ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ ಆಗಿದ್ದೇನೆ. ಕೆಮಿಸ್ಟ್ ಎಂದಕೂಡಲೇ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಕಿಟಕಿ ಪಕ್ಕ ಒಂದು ಮೇಜು, ಎರಡು ಬ್ಯೂರೆಟ್ಟು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು, ಅಷ್ಟೇ ನನ್ನ ಸಾಮ್ರಾಜ್ಯ. ಬೆಳಗ್ಗೆ ಹೋದವಳೇ ಪ್ರತಿ ತೊಟ್ಟಿಯಿಂದ ಒಂದೊಂದು ಲೋಟ ದ್ರಾವಣ ತಂದು ಪರೀಕ್ಷೆ ಮಾಡಿ, ಇದಕ್ಕೆ ಇಷ್ಟು ಆಸಿಡ್ ಹಾಕಿ, ಅದಕ್ಕೆ ಅಷ್ಟು ಲವಣ ಹಾಕಿ ಎಂದು ಚೀಟಿ ಬರೆದುಕೊಡುವುದು ನನ್ನ ಕೆಲಸ. ಮಂಕು ಹಿಡಿದ ಕಬ್ಬಿಣದ ತುಂಡು ತೊಟ್ಟಿಗಳ ಸಾಲಿನ ಒಂದು ತುದಿಯಲ್ಲಿ ಮುಳುಗಿ ಇನ್ನೊಂದು ತುದಿಯಲ್ಲಿ ಕನ್ನಡಿಯಾಗಿ ಎದ್ದು ಬರುವುದನ್ನು ಮೊದಲ ವಾರ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಎರಡನೇ ವಾರದಿಂದ ಊಟದ ಡಬ್ಬಿಯಲ್ಲಿ ಏನಿದೆ ಎನ್ನುವುದೇ ಹೆಚ್ಚು ಕುತೂಹಲದ ವಿಷಯವಾಯಿತು. ಇಂಥ ನನ್ನ ಬಾಯಿ ಕಟ್ಟಿಸಿದ್ದು ಒಲೆಗೆ ಹಾಕಲೆಂದು ಕೂಡಿಟ್ಟಿದ್ದ ತೆಂಗಿನ ಚಿಪ್ಪು.

ನಾನು ಬಾಡಿಗೆಗಿರುವುದು ಶೆಡ್ಡುಗಳ ಸಾಲಿನ ಹಿಂದೆ ಉಳಿದುಕೊಂಡಿರುವ ಹಳೆಯ ಹಳ್ಳಿಯ ಒಂದು ವಠಾರದಲ್ಲಿ. ಒಂದೇ ಸಾಲಿಗೆ ಏಳು ಮನೆ, ಎದುರಿಗೆ ಓನರಮ್ಮನ ಹೆಂಚಿನ ಮನೆ, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಬೋರ್‌ವೆಲ್. ಓನರಮ್ಮನಿಗೆ ಎಪ್ಪತ್ತೈದು ದಾಟಿದೆ. ಅವರ ರಾಗಿ ಹೊಲಗಳಿದ್ದ ಕಡೆ ಈಗ ತಗಡಿನ ಶೆಡ್ಡುಗಳಿವೆ. ಯಾವುದು ಯಾವ ಹೊಲದ ಮೇಲಿದೆ ಎಂದು ಇವತ್ತಿಗೂ ಬೆರಳು ಮಾಡಿ ತೋರಿಸುತ್ತಾರೆ. "ನಿಮ್ ಓನರ್ ಕಾರು ನಿಲ್ಲುಸ್ತಾನಲ್ಲ, ಅಲ್ಲಿ ಅವರೆಕಾಯಿ ಆಕ್ತಿದ್ವಿ ಕಣವ್ವ," ಎಂದು ನಗುತ್ತಲೇ ಹೇಳುತ್ತಾರೆ. ಹೊಲ ಹೋದದ್ದಕ್ಕೆ ಅವರು ಅತ್ತದ್ದನ್ನು ನಾನು ಕಂಡಿಲ್ಲ. ಆದರೆ ಬೋರ್‌ವೆಲ್ ವಿಷಯಕ್ಕೆ ಮಾತ್ರ ಯಾರೂ ಬಾಯಿ ಹಾಕುವಂತಿಲ್ಲ. ಯಜಮಾನರು ಎರಡು ಕಡೆ ಕೊರೆಸಿ ಬರೀ ಧೂಳು ಬಂದು, ಮೂರನೇ ಕಡೆ ನೀರು ಚಿಮ್ಮಿದ ದಿನವನ್ನು ಓನರಮ್ಮ ತಮ್ಮ ಮದುವೆ ದಿನಕ್ಕಿಂತ ಚೆನ್ನಾಗಿ ವಿವರಿಸುತ್ತಾರೆ.

ನಾಲ್ಕು ವರ್ಷದ ಹಿಂದೆ ನಾನೊಂದು ಬಿಳಿ ಬಕೆಟ್ ತಂದೆ. ಅದುವರೆಗೆ ವಠಾರದಲ್ಲಿ ಎಲ್ಲರದ್ದೂ ನೀಲಿ, ಹಸಿರು, ಕೆಂಪು ಬಕೆಟ್ಟುಗಳೇ. ಬಿಳಿ ಬಕೆಟ್ಟಿಗೆ ಬೋರ್ ನೀರು ಬಿಟ್ಟಾಗ ತಳ ಹಳದಿಯಾಗಿ ಕಂಡಿತು. ನಿಂಬೆಹಣ್ಣಿನ ಸಿಪ್ಪೆಯ ಹಳದಿ, ತೀರಾ ತೆಳು. ಬೇರೆಯವರಾಗಿದ್ದರೆ ಬಕೆಟ್ಟಿನದೇ ಬಣ್ಣ ಅಂದುಕೊಳ್ಳುತ್ತಿದ್ದರು. ನಾನು ನೀರು ನಿಲ್ಲಿಸಿ ಬಗ್ಗಿ ನೋಡಿದೆ. ಕ್ರೋಮ್ ತೊಟ್ಟಿಯಿಂದ ಎತ್ತಿದ ಸಾಮಾನನ್ನು ತೊಳೆದ ನೀರು ಇದೇ ಬಣ್ಣಕ್ಕಿರುತ್ತದೆ. ದಿನಾ ನೋಡುವ ಬಣ್ಣ. ಮರುದಿನ ಒಂದು ಶೀಶೆ ನೀರು ಶೆಡ್ಡಿಗೆ ಒಯ್ದು, ಎರಡು ಹನಿ ಆಸಿಡ್, ಎರಡು ಹನಿ ಪರೀಕ್ಷೆಯ ದ್ರಾವಣ ಹಾಕಿದೆ. ಕ್ರೋಮ್ ವಿಷವಿದ್ದರೆ ನೀರು ನೇರಳೆಯಾಗಬೇಕು. ಆಯಿತು. ನೇರಳೆಹಣ್ಣು ತಿಂದವರ ನಾಲಿಗೆಯ ಹಾಗೆ ಆಯಿತು.

ಅದು ನಮ್ಮ ಶೆಡ್ಡಿನದೋ, ಪಕ್ಕದ್ದೋ, ಎಂದೋ ಮುಚ್ಚಿಹೋದ ಇನ್ಯಾವುದರದೋ, ನನಗೆ ಗೊತ್ತಿಲ್ಲ. ನೆಲಕ್ಕಿಳಿದ ನೀರು ತನ್ನ ವಿಳಾಸ ಬರೆದುಕೊಂಡು ಬರುವುದಿಲ್ಲ. ಆದರೆ ನಾನು ಅನ್ನ ತಿನ್ನುವುದು ಆ ಬಣ್ಣದಿಂದಲೇ. ಆ ದಿನ ಮನೆಗೆ ಬರುವಾಗ ನನಗಾದದ್ದು ನಾಚಿಕೆ. ಬೇರೆ ಹೆಸರು ಅದಕ್ಕಿಲ್ಲ.

ಓನರಮ್ಮನಿಗೆ ಹೇಳಿದೆ. ಅವರು ಕೂಗಾಡಲಿಲ್ಲ.

"ಅಂಗಾರೆ ಇನ್ನ ಈ ನೀರು ಕುಡಿಯಂಗಿಲ್ವಾ?"

"ಇಲ್ಲಮ್ಮ. ಅಡುಗೆಗೂ ಬೇಡ."

"ಯಾವತ್ತೂ?"

ಅವತ್ತಿನಿಂದ ಕುಡಿಯುವುದಕ್ಕೂ ಅಡುಗೆಗೂ ದಿನ ಬಿಟ್ಟು ದಿನ ಬರುವ ಕಾವೇರಿ ನೀರು. ಬಟ್ಟೆ, ಪಾತ್ರೆ, ಅಂಗಳಕ್ಕೆ ಮಾತ್ರ ಬೋರು. ಸ್ನಾನಕ್ಕೂ ಬೇಡ ಎಂದಿದ್ದೆ. ಕಾವೇರಿ ಸಾಲದ ದಿನ ಯಾರು ಕೇಳುತ್ತಾರೆ? ಓನರಮ್ಮ ಬಾಯಿಗೆ ಹಾಕುವುದನ್ನಂತೂ ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ನಾಲ್ಕು ವರ್ಷವೂ ನನ್ನನ್ನು ಬೈದರು. ಕಾವೇರಿ ನೀರು ಸಪ್ಪೆ, ಬ್ಲೀಚಿಂಗ್ ಪೌಡರ್ ವಾಸನೆ, ಕುಡಿದರೆ ಕುಡಿದಂಗೇ ಇಲ್ಲ.

ಈಗ ಎರಡನೇ ಮನೆಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೊಪ್ಪಳದ ಕಡೆಯವಳು. ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅವಳು ನಮ್ಮ ಶೆಡ್ಡಿನಲ್ಲೇ, ತೊಟ್ಟಿಗೆ ಇಳಿಸುವ ಸಾಮಾನುಗಳನ್ನು ತಾಮ್ರದ ತಂತಿಯಲ್ಲಿ ಕಟ್ಟುವ ಕೆಲಸಕ್ಕಿದ್ದಳು. ಹೋದ ವರ್ಷ ಹೆಣ್ಣು ಮಗು ಹುಟ್ಟಿತು. ಊರಿನಲ್ಲಿ ತಾಯಿ ಕಾಲು ಮುರಿದುಕೊಂಡು ಮಲಗಿದ್ದರಿಂದ ಬಾಣಂತನಕ್ಕೆ ಬರಲಾಗಲಿಲ್ಲ. ಓನರಮ್ಮ ಯಾರೂ ಕೇಳದೆಯೇ ಸೆರಗು ಸಿಕ್ಕಿಸಿದರು. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೈಗುಳ, ಯಾವುದಕ್ಕೂ ಕೊರತೆಯಾಗಲಿಲ್ಲ.

ಬಾಣಂತನ ಮುಗಿಯುವ ಹೊತ್ತಿಗೆ ಗಂಗೆ ಪೂಜೆ. ಹೆತ್ತವಳು ಅದುವರೆಗೆ ಬಿಂದಿಗೆ ಮುಟ್ಟುವಂತಿಲ್ಲ. ಆ ದಿನ ಅವಳು ಮನೆಗೆ ನೀರು ಕೊಡುವ ಬಾವಿಯ ಹತ್ತಿರ ಹೋಗಿ, ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಇಟ್ಟು, ಮೂರು ಬೊಗಸೆ ನೀರು ಕುಡಿದು, ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಮನೆಯೊಳಗೆ ಬರಬೇಕು. ಓನರಮ್ಮನ ವಠಾರದಲ್ಲಿ ಹೆತ್ತ ಹೆಂಗಸರೆಲ್ಲ, ಯಾವ ಊರಿನವರಾಗಿರಲಿ, ಆ ಬೋರಿನ ಮುಂದೆಯೇ ಇದನ್ನು ಮಾಡಿದ್ದಾರೆ. ನೀರು ಹಳದಿಯಾದ ಮೇಲೆ ಹುಟ್ಟಿದ ಮೊದಲ ಮಗು ಇದು. ಮುಂದಿನದರ ಮುಂದಿನ ಶುಕ್ರವಾರ ಎಂದು ಓನರಮ್ಮ ದಿನ ಗೊತ್ತು ಮಾಡಿದರು.

"ಪೂಜೆ ಮಾಡಿ, ಕುಡಿಸ್ಬೇಡಿ," ಅಂದೆ. "ಇಲ್ಲಾಂದ್ರೆ ಕಾವೇರಿ ನೀರಲ್ಲೇ ಮಾಡಿ."

"ನಲ್ಲಿಗೆ ಪೂಜೆ ಮಾಡ್ಲಾ? ವಾಲ್ವ್ ತಿರುಗ್ಸೋನ್ಗೆ ತಾಂಬೂಲ ಕೊಡ್ಲಾ?" ಓನರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇರೋ ಮನೇಗೆ ಯಾವ್ ಗಂಗಮ್ಮ ನೀರು ಕೊಡ್ತಾಳೋ ಅವಳಿಗೇ ಮಾಡ್ಬೇಕು ಕಣವ್ವ."

ಬಾಣಂತಿ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. "ನಮ್ಮೂರಾಗೂ ಮಾಡ್ತಾರ್ರಿ ಮೇಡಂ," ಎಂದಳು. "ಗಂಗವ್ವಗ ಕೈ ಮುಗೀದ ಕೊಡ ಮುಟ್ಟಂಗಿಲ್ರಿ. ಅವ್ವ ಅಂತೂ ಬರಾಕಾಗ್ಲಿಲ್ಲ. ಇದೊಂದರ ಆಗ್ಲಿ ಅಂತ ನನಗೂ ಆಸೆ ಐತ್ರಿ." ಆಮೇಲೆ ಮಡಿಲಲ್ಲಿದ್ದ ಮಗುವನ್ನು ನೋಡಿಕೊಂಡು ದನಿ ತಗ್ಗಿಸಿದಳು. "ಆದರ ನಾ ಹಾಲು ಕುಡಸ್ತೀನ್ರಿ. ನನ್ನ ಹೊಟ್ಟಿಗೆ ಹೋಗಿದ್ದು ಕೂಸಿಗೂ ಹೋಕ್ಕೈತಲ್ರಿ?"

ಮೂರು ಬೊಗಸೆಯಿಂದ ಏನೂ ಆಗುವುದಿಲ್ಲ ಎಂದುಬಿಡಬಹುದಿತ್ತು. ಬಹುಶಃ ಆಗುತ್ತಲೂ ಇರಲಿಲ್ಲ. ಆದರೆ ಆ ಹುಡುಗಿ ನಾಲ್ಕು ವರ್ಷ ಕ್ರೋಮ್ ತೊಟ್ಟಿಯ ಪಕ್ಕದಲ್ಲಿ ನಿಂತು ಕೆಲಸ ಮಾಡಿದವಳು. ಆ ಹಳದಿ ಏನೆಂದು ಅವಳಿಗೂ ಗೊತ್ತು. ಹೋಗಬಹುದು, ಎಂದೆ. ಓನರಮ್ಮ ನನ್ನ ಕಡೆ ತಿರುಗಿದರು.

"ನೀನು ಓದ್ದೋಳಲ್ವಾ? ಅದ್ರೊಳಗಿರೋ ಅಳದೀನ ಈಚೆಗೆ ತೆಗಿ. ಅನ್ನೆರಡು ದಿನ ಐತೆ."

ಒಪ್ಪಿಕೊಂಡುಬಿಟ್ಟೆ. ಕೆಣಕಿದರೆ ಒಪ್ಪಿಕೊಳ್ಳುವುದು ನನ್ನ ಹಳೆಯ ರೋಗ.

ಶೆಡ್ಡಿನಲ್ಲಿ ನಾವು ಈ ಬಣ್ಣವನ್ನು ತೆಗೆಯುವುದು ಒಂದು ರಾಸಾಯನಿಕಕ್ಕೆ ಇನ್ನೊಂದನ್ನು ಸುರಿದು. ಬಣ್ಣ ಹೋಗುತ್ತದೆ, ಕೆಸರು ಕೂರುತ್ತದೆ, ಆದರೆ ಆ ನೀರನ್ನು ನಾನು ನಾಯಿಗೂ ಇಡುವುದಿಲ್ಲ. ರಾತ್ರಿ ಊಟ ಮಾಡುತ್ತಾ ಯೋಚಿಸುವಾಗ ಎಂ.ಎಸ್ಸಿ. ಓದುವಾಗ ಮಾಡಿದ್ದ ಒಂದು ಪ್ರಾಜೆಕ್ಟ್ ನೆನಪಾಯಿತು. ತೆಂಗಿನ ಚಿಪ್ಪಿನಿಂದ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ ತೆರೆದುಕೊಳ್ಳುವ ಹಾಗೆ ಸುಟ್ಟ ಇದ್ದಿಲು. ಲೋಹ ಬೆರೆತ ನೀರನ್ನು ಅದರ ಮೇಲೆ ಹಾಯಿಸಿದರೆ ಲೋಹ ಅಲ್ಲೇ ಉಳಿಯುತ್ತದೆ. ಇಪ್ಪತ್ನಾಲ್ಕು ವರ್ಷದ ಹಿಂದೆ ನಾನು ಇದನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸಾಬೀತು ಮಾಡಿದ್ದೆ. ಅಂಕ ಬಂತು, ಮರೆತೆ. ಆ ಚುಕ್ಕಿಗಳ ಹಿಂದೆ ಕುಡಿಯುವ ನೀರು ಎಂಬುದಿದೆ ಎಂದು ನನಗೆ ಒಮ್ಮೆಯಾದರೂ ಹೊಳೆದಿರಲಿಲ್ಲ.

ಚಿಪ್ಪಿಗೇನೂ ಬರವಿರಲಿಲ್ಲ. ಓನರಮ್ಮನ ಬಚ್ಚಲ ಒಲೆ ಪಕ್ಕ ಒಂದು ಮೂಟೆ ಬಿದ್ದಿತ್ತು. ಚೆನ್ನಾಗಿ ಒಣಗಿದವನ್ನು ಆರಿಸಿ, ನಾರು ಕೆರೆದು, ಒರಳಲ್ಲಿ ಕುಟ್ಟಿ ಜೋಳದ ಕಾಳಿನಷ್ಟು ಸಣ್ಣದು ಮಾಡಿದೆವು. ಶೆಡ್ಡಿನ ಸ್ಟೋರಿನಲ್ಲಿ ಕೇಳಿ ಸ್ವಲ್ಪ ಫಾಸ್ಫಾರಿಕ್ ಆಸಿಡ್ ತಂದು, ಕನ್ನಡಕ ಕೈಗವಸು ಹಾಕಿಕೊಂಡು, ಚೂರನ್ನು ಅದರಲ್ಲಿ ಒಂದು ದಿನ ನೆನೆಸಿಟ್ಟೆ. ಆಮೇಲೆ ಒಣಗಿಸಿ, ಮುಚ್ಚಳಕ್ಕೆ ಒಂದೇ ಒಂದು ತೂತು ಮಾಡಿದ ತಗಡಿನ ಡಬ್ಬಿಗೆ ತುಂಬಿ, ಹಂಡೆ ಒಲೆಯ ಕೆಂಡದೊಳಗೆ ಹೂತೆ. ಗಾಳಿ ಆಡಿದರೆ ಬೂದಿ, ಆಡದಿದ್ದರೆ ಇದ್ದಿಲು. ತೂತಿನಿಂದ ಹೊಗೆ ಬರುವುದು ನಿಂತ ಮೇಲೂ ಒಂದು ಗಂಟೆ ಬಿಟ್ಟು ತೆಗೆದೆವು. ಕರ್ರಗೆ, ಹಗುರಾಗಿ, ಕೈಯಲ್ಲಿ ಅಲ್ಲಾಡಿಸಿದರೆ ಗಾಜಿನ ಚೂರಿನ ಸದ್ದು ಮಾಡುತ್ತಿತ್ತು.

ಇನ್ನು ತೊಳೆಯಬೇಕು. ಒಳಗೆ ಉಳಿದ ಆಸಿಡ್ ಹೋಗುವವರೆಗೆ ತೊಳೆಯಬೇಕು. ಶೆಡ್ಡಿಗೆ ಹೊತ್ತಾಗಿತ್ತು. ಓನರಮ್ಮನ ಕೈಗೆ ಹುಳಿ ನೋಡುವ ಕಾಗದದ ಪಟ್ಟಿಗಳನ್ನು ಕೊಟ್ಟು, "ತೊಳೆದ ನೀರಲ್ಲಿ ಇದನ್ನ ಅದ್ದಿ. ಕೆಂಪಾಗೋದು ನಿಲ್ಲೋವರೆಗೂ ಚೆನ್ನಾಗಿ ತೊಳೀರಿ," ಎಂದು ಹೇಳಿ ಓಡಿದೆ.

ಅವರು ಎರಡು ದಿನ ತೊಳೆದರು. ಬುಟ್ಟಿಯೊಳಗೆ ಹಳೆಯ ಪಂಚೆ ಹಾಸಿ, ಇದ್ದಿಲು ಸುರಿದು, ಬಿಂದಿಗೆ ಮೇಲೆ ಬಿಂದಿಗೆ ನೀರು ಹೊಯ್ದರು. ಕಾಗದ ಮೊದಲ ದಿನವೇ ಸುಮ್ಮನಾಗಿತ್ತಂತೆ. ಆದರೂ ಬಾಣಂತಿ ಹೊಟ್ಟೆಗೆ ಹೋಗುವ ವಿಷಯ, ಒಂದು ಪಾಲು ಹೆಚ್ಚೇ ಇರಲಿ ಎಂದು ಎರಡನೇ ದಿನವೂ ತೊಳೆದರು. ಸೊಂಟ ಹಿಡಿದುಕೊಂಡಿತು. ಅದಕ್ಕೂ ನನ್ನನ್ನೇ ಬೈದರು.

ಮೂರನೇ ದಿನ ಸಂಜೆ ತಳಕ್ಕೆ ತೂತು ಮಾಡಿದ ಒಂದು ದೊಡ್ಡ ಪ್ಲಾಸ್ಟಿಕ್ ಜಾಡಿಗೆ ಬಟ್ಟೆ, ಮರಳು, ಆ ಇದ್ದಿಲು, ಮೇಲೆ ಮತ್ತೆ ಬಟ್ಟೆ ಹಾಕಿ, ಬೋರ್ ನೀರು ಹೊಯ್ದೆ. ವಠಾರದ ಅರ್ಧ ಜನ ಸುತ್ತ ನಿಂತಿದ್ದರು. ಕೆಳಗೆ ಬಿಳಿ ಬಕೆಟ್ಟು. ನೀರು ತೊಟ್ಟಿಕ್ಕಿತು. ಹಳದಿ. ಶೀಶೆಗೆ ಹಿಡಿದು ಆಸಿಡ್ ಎರಡು ಹನಿ, ಪರೀಕ್ಷೆಯ ದ್ರಾವಣ ಎರಡು ಹನಿ. ನೇರಳೆ.

ಜನ ಒಬ್ಬೊಬ್ಬರಾಗಿ ತಮ್ಮ ಪಾಡಿಗೆ ಹೋದರು. ಯಾರಾದರೂ ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಓನರಮ್ಮ ಕೂಡ "ಓಗ್ಲಿ ಬಿಡು," ಅಂದರು. ಅದೇ ಹೆಚ್ಚು ಚುಚ್ಚಿತು. ಮುಂದಿನ ಎರಡು ದಿನ ಸುಟ್ಟದ್ದು ಕಡಿಮೆಯಾಯಿತೇ, ಆಸಿಡ್ ಕಡಿಮೆಯಾಯಿತೇ, ಚೂರು ದೊಡ್ಡದಾಯಿತೇ ಎಂದು ತಲೆ ಕೆಡಿಸಿಕೊಂಡೆ. ಹಳೆಯ ಟಿಪ್ಪಣಿ ಪುಸ್ತಕ ಹುಡುಕಿ ಓದಿದೆ. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿರುವ ತಪ್ಪನ್ನು ಹುಡುಕುವುದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಭಾನುವಾರ ಬಟ್ಟೆ ಒಗೆಯುತ್ತಾ ಕೂತಿದ್ದೆ. ಬಾಣಂತಿ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಮೇಡಂ, ಒಂದ್ ಮಾತ್ ಕೇಳ್ಲೇನ್ರಿ? ಆ ಕಲ್ಲಿನ ತೊಟ್ಟ್ಯಾಗಿನ ನೀರು ಹ್ಯಾಂಗ ಅಷ್ಟು ತಿಳಿ ಐತ್ರಿ?"

"ಯಾವ ತೊಟ್ಟಿ?"

"ಅಮ್ಮಾರು ಇದ್ಲಿ ತೊಳದ ನೀರು ಚೆಲ್ಲಾಕ ಮನಸ್ಸಿಲ್ಲದ ಅದ್ರಾಗ ತುಂಬ್ಯಾರಲ್ರಿ. ಮೊದಲನೇ ದಿನದ್ದು. ಕರಿ ಎಲ್ಲಾ ತಳಕ್ಕ ಕುಂತೈತಿ. ನಾ ಇಲ್ಲೇ ಕುಂತು ನೋಡಾಕತ್ತೀನ್ರಿ, ಕ್ಯಾನ್ ನೀರು ಇದ್ದಂಗ ಐತಿ. ಎರಡನೇ ದಿನ ತೊಳದ್ದು ಮಾತ್ರ ಹಳದೀನ ಬಂತ್ರಿ."

ನಾನು ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದೆ. ಸೋಪಿನ ಕೈಯಲ್ಲೇ ಅಂಗಳ ದಾಟಿದೆ. "ಅಮ್ಮ, ಇದ್ದಿಲನ್ನ ಯಾವ ನೀರಲ್ಲಿ ತೊಳೆದ್ರಿ?"

"ಯಾವ್ ನೀರಲ್ಲಿ ಅಂದ್ರೆ? ಬೋರ್ ನೀರಲ್ಲಿ. ಇದ್ಲು ತೊಳಿಯಕ್ಕೆ ಕಾವೇರಿ ನೀರು ಸುರೀತಾರಾ ಯಾರಾದ್ರೂ?"

ಇಪ್ಪತ್ತೆರಡು ವರ್ಷ ನನ್ನ ಮೇಜಿನ ಮೇಲೆ ನೀರು ಎಂದರೆ ಶೀಶೆಯಲ್ಲಿ ಬರುವ ಶುದ್ಧ ನೀರು. ಬೇರೆ ನೀರು ಇದೆಯೆಂಬುದೇ ಆ ಮೇಜಿಗೆ ಗೊತ್ತಿಲ್ಲ. ಚೆನ್ನಾಗಿ ತೊಳೆಯಿರಿ ಎಂದೆ. ಯಾವುದರಲ್ಲಿ ಎಂದು ಹೇಳಲಿಲ್ಲ. ಓನರಮ್ಮ ಹಳದಿ ನೀರನ್ನು ಬಿಂದಿಗೆಗಟ್ಟಲೆ ಆ ಇದ್ದಿಲಿಗೆ ಕುಡಿಸಿದ್ದರು. ಅದು ಕುಡಿದಿತ್ತು. ಕುಡಿಯುವಷ್ಟೂ ಕುಡಿದು, ಹೊಟ್ಟೆ ಬಿರಿದು, ಆಮೇಲೆ ನನ್ನ ಪರೀಕ್ಷೆಗೆ ಬಂದು ಕೂತಿತ್ತು. ನಾವು ಕೆಲಸ ಮುಗಿಸಿದ ಇದ್ದಿಲನ್ನು ಜಾಡಿಗೆ ತುಂಬಿ, ಅದು ಶುದ್ಧ ಮಾಡಿದ ನೀರನ್ನು ನೆಲ ಸಾರಿಸಲು ಇಟ್ಟಿದ್ದೆವು.

ಕಲ್ಲುತೊಟ್ಟಿಯಿಂದ ಒಂದು ಶೀಶೆ ನೀರು ತೆಗೆದೆ. ಪರೀಕ್ಷೆಯ ದ್ರಾವಣ ಮನೆಯಲ್ಲೇ ಇತ್ತು. ಎರಡು ಹನಿ. ಮತ್ತೆರಡು ಹನಿ. ಅಲ್ಲಾಡಿಸಿದೆ. ಕಾದೆ. ಬಿಸಿಲಿಗೆ ಹಿಡಿದೆ. ಆ ಕಡೆ ಬಾಣಂತಿಯ ಹಸಿರು ಬಳೆಗಳು ಶೀಶೆಯ ಮೂಲಕ ಹಸಿರಾಗಿಯೇ ಕಂಡವು. ಬಣ್ಣ ಬರಲಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಬರಲಿಲ್ಲ.

ನಾನು ಅಂಗಳದಲ್ಲೇ ಕೂತುಬಿಟ್ಟೆ. ಕೋಟಿ ಸುರಿದು ಕಟ್ಟಿಸಿದ ಯಂತ್ರವಲ್ಲ. ಚಟ್ನಿಗೆ ಕಾಯಿ ತುರಿದು ಮೂಲೆಗೆಸೆದ ಚಿಪ್ಪು. ಶೆಡ್ಡುಗಳೆಲ್ಲ ಸೇರಿ ಇಷ್ಟು ವರ್ಷ ನೆಲದೊಳಗೆ ಇಳಿಸಿದ್ದನ್ನು ಅದು ಒಂದು ಬುಟ್ಟಿಯಲ್ಲಿ ಕೂತು, ಯಾರೂ ನೋಡದೆ ಇರುವಾಗ, ಸದ್ದಿಲ್ಲದೆ ಹಿಡಿದುಕೊಂಡಿತ್ತು. ನನಗೆ ಅಳು ಬಂತು. ಓನರಮ್ಮ ಗಾಬರಿಯಾಗಿ, "ಏನಾಯ್ತವ್ವ, ನೀರು ಕೆಟ್ಟೋಯ್ತಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿ ಶೀಶೆಯನ್ನು ಅವರ ಕೈಗಿಟ್ಟೆ.

ಮತ್ತೆ ಸುಟ್ಟೆವು. ಈ ಸಲ ಶೆಡ್ಡಿನಿಂದ ತಂದ ಶುದ್ಧ ನೀರಿನಲ್ಲಿ ನಾನೇ ತೊಳೆದೆ. ಬುಧವಾರ ಸಂಜೆ ಜಾಡಿ ಕಟ್ಟಿ ಬೋರ್ ನೀರು ಹೊಯ್ದಾಗ ಬಿಳಿ ಬಕೆಟ್ಟಿನ ತಳ ಬಿಳಿಯಾಗಿಯೇ ಉಳಿಯಿತು. ವಠಾರದ ಹೆಂಗಸರು ಶೀಶೆಯನ್ನು ಕೈಯಿಂದ ಕೈಗೆ ದಾಟಿಸಿದರು. ಓನರಮ್ಮ ಮಾತ್ರ ನೀರನ್ನು ನೋಡಲಿಲ್ಲ, ಜಾಡಿಯನ್ನೇ ನೋಡುತ್ತಿದ್ದರು.

"ಅಷ್ಟೊಂದು ಅಳದಿ ಇಷ್ಟರೊಳಗೆ ಎಲ್ಲಿ ಕುಂತ್ಕತ್ತದೆ?"

ಉಳಿದಿದ್ದ ಇದ್ದಿಲಿನಿಂದ ಒಂದು ಚಿಟಿಕೆ ಅವರ ಅಂಗೈಗೆ ಹಾಕಿದೆ. "ಇದರೊಳಗೆ ಪೂರ್ತಿ ತೂತುಗಳಮ್ಮ, ತೂತಿನೊಳಗೆ ತೂತು. ಆ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸೋಕೆ ಆದ್ರೆ, ಈ ಒಂದು ಚಿಟಿಕೇಲೇ ಐದಾರು ಗುಂಟೆ ಜಾಗ ಆಗುತ್ತೆ."

ಅವರು ಅಂಗೈಯನ್ನು ಕಣ್ಣಿನ ಹತ್ತಿರ ತಂದರು. "ಒಂದು ಚಿಟಿಕೇಲಿ ಆರು ಗುಂಟೆನಾ?"

"ಹೂಂ."

"ಜಾಡೀಲಿ ಇಂಥವು ಎಷ್ಟು ಚಿಟಿಕೆ ಐತೆ?"

"ಒಂದು ಮುನ್ನೂರು ಇರಬಹುದು."

ನಾನು ಮನಸ್ಸಿನಲ್ಲಿ ಗುಣಿಸುವಷ್ಟರಲ್ಲಿ ಅವರು ಹೇಳಿಬಿಟ್ಟಿದ್ದರು. "ನಲವತ್ತೈದು ಎಕರೆ." ಶೆಡ್ಡುಗಳ ಕಡೆ ಒಮ್ಮೆ ನೋಡಿದರು. "ನಮ್ಮಾವನ ಕಾಲದಾಗೂ ಅಷ್ಟಿರ್ಲಿಲ್ಲ ಕಣವ್ವ," ಎಂದರು. ಆ ಚಿಟಿಕೆಯನ್ನು ಒಂದು ಚೂರೂ ಬೀಳದ ಹಾಗೆ ಮತ್ತೆ ಡಬ್ಬಿಗೆ ಸುರಿದು ಅಂಗೈ ಕೊಡವಿದರು. ನಾನು ಗ್ರಾಫ್ ಹಾಳೆಯ ಮೇಲೆ ಇಟ್ಟಿದ್ದ ಚುಕ್ಕಿಗಳ ಅರ್ಥ ನನಗೆ ಆಗ ಆಯಿತು. ಅವರಿಗೆ ಅದನ್ನು ವಿವರಿಸಿದವಳು ನಾನು, ನನಗೆ ಅರ್ಥ ಮಾಡಿಸಿದವರು ಅವರು.

ಆಮೇಲೆ ಸಮಾಧಾನವಾಗಿ ಕೇಳಿದರು: "ಮೊದಲ್ನೇ ಸಲದ ಇದ್ಲು ಎತ್ತಿಟ್ಟಿದೀನಿ. ನುಣ್ಣಗೆ ಅರೆದ್ರೆ ಅಲ್ಲುಜ್ಜಕ್ಕೆ ಆಯ್ತದಲ್ವಾ?"

ಹಳದಿ ಎಲ್ಲೂ ಮಾಯವಾಗಿಲ್ಲ, ಆ ಇದ್ದಿಲಿನೊಳಗೇ ಕೂತಿದೆ, ಮುಟ್ಟಬೇಡಿ ಎಂದು ಕೂಗಿಕೊಂಡೇ ಅದನ್ನು ಕಿತ್ತುಕೊಂಡೆ. ಮರುದಿನ ಡಬ್ಬಿಯಲ್ಲಿ ಭದ್ರ ಮಾಡಿ ಶೆಡ್ಡಿಗೆ ಒಯ್ದು, ವಿಷದ ಕೆಸರು ತುಂಬುವ ಡ್ರಮ್ಮಿಗೆ ಹಾಕಿದೆ. ನಮ್ಮ ಓನರ್ ನೋಡಿ ಏನಿದು ಎಂದು ಕೇಳಿದರು. ಎಲ್ಲಿಂದ ಬಂತೋ ಅಲ್ಲಿಗೆ ತಂದಿದ್ದೀನಿ ಸಾರ್, ಎಂದೆ. ಅವರು ಮುಂದೆ ಕೇಳಲಿಲ್ಲ.

ಶೋಧಿಸಿದ ನೀರನ್ನು ಹೊರಗಿನ ಒಂದು ಲ್ಯಾಬಿಗೂ ಕಳಿಸಿದ್ದೆ. ವರದಿ ಮುಂದಿನ ವಾರ ಎಂದರು. ಉಳಿದ ನೀರನ್ನು ಕುದಿಸಿ ಆರಿಸಿದೆ. "ಗಂಗಮ್ಮನ್ನ ಒಲೆ ಮೇಲೂ ಕೂರುಸ್ದಲ್ಲ," ಎಂದು ಓನರಮ್ಮ ಗೊಣಗಿದರೂ ತಡೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಬಾಣಂತಿ ಕೆನ್ನೆಗೆ ಅರಿಶಿನ ಹಚ್ಚಿಕೊಂಡು, ಹೊಸ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಅಂಗಳಕ್ಕಿಳಿದಳು. ಗಂಡ ರಜೆ ಹಾಕಿ ಮಗುವನ್ನು ಎತ್ತಿಕೊಂಡು ನಿಂತಿದ್ದ. ಬೋರಿನ ಪೈಪಿಗೆ ಅರಿಶಿನ, ಕುಂಕುಮ, ಮೊಳ ಮಲ್ಲಿಗೆ. ವೀಳ್ಯದೆಲೆ ಮೇಲೆ ಬೆಲ್ಲ, ಬಾಳೆಹಣ್ಣು. ಪಕ್ಕದಲ್ಲಿ ಶೋಧಿಸಿದ ನೀರು ತುಂಬಿದ ತಾಮ್ರದ ಚೊಂಬು. ಅವಳು ಕೈ ಮುಗಿದು ನಿಂತ ರೀತಿ ನೋಡಿ ನನ್ನಂಥವಳಿಗೂ ಎದೆ ತುಂಬಿ ಬಂತು. ಓನರಮ್ಮ ಚೊಂಬು ಎತ್ತಿ, "ಬೊಗಸೆ ಒಡ್ಡವ್ವ," ಎಂದರು. ಅವಳು ಒಡ್ಡಿದಳು. ನೀರು ತುಂಬಿತು. ಅವಳು ಕುಡಿಯಲಿಲ್ಲ. ಬೊಗಸೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು.

"ಮೇಡಂ, ಕುಡೀಲೇನ್ರಿ?"

ಹೂಂ ಅನ್ನಬೇಕೆಂದು ಎಷ್ಟು ಆಸೆಯಾಯಿತೆಂದರೆ ನಾಲಿಗೆ ತುದಿಗೆ ಬಂದಿತ್ತು. ಹನ್ನೆರಡು ದಿನದ ದುಡಿಮೆ, ವಠಾರವಿಡೀ ನೋಡುತ್ತಿದೆ. ಆದರೆ ನನ್ನ ಹನಿಗಳು ಹೇಳಬಲ್ಲದ್ದು ಕ್ರೋಮ್ ಇಲ್ಲ ಎಂಬುದೊಂದನ್ನೇ. ನಿಕ್ಕಲ್ ಇದೆಯೇ, ಸೀಸ ಇದೆಯೇ, ಅವಕ್ಕೆ ಗೊತ್ತಾಗುವುದಿಲ್ಲ. ಆ ಬೊಗಸೆಯ ಹಿಂದೆ ಇನ್ನೊಂದು ಸಣ್ಣ ಬಾಯಿ ಇದೆ.

"ಬೇಡ," ಅಂದೆ. "ಹಳದಿ ಹೋಗಿದೆ. ಅದು ಖಂಡಿತ. ಇನ್ನೇನಾದ್ರೂ ಇದ್ರೆ ನನಗೆ ಕಾಣಲ್ಲ. ರಿಪೋರ್ಟ್ ಬಂದಿಲ್ಲ. ನೀನು ಹಾಲು ಕುಡಿಸ್ತಿದೀಯ, ಬೇಡಮ್ಮ."

ಓನರಮ್ಮನ ಮುಖ ಸಣ್ಣದಾಯಿತು. ಆಮೇಲೆ ಕೇಳಿದರು: "ನೀನಾದ್ರೆ ಕುಡೀತೀಯಾ?"

"ನಾನು ಕುಡೀತೀನಿ."

"ಅಂಗಾರೆ ಬಾ ಇಲ್ಲಿ. ಅವಳ ಬದ್ಲು ನೀನೇ ಕುಡಿ."

"ನನಗೆ ಮದುವೇನೇ ಆಗಿಲ್ವಲ್ಲಮ್ಮ."

"ಗಂಗಮ್ಮ ಅದೆಲ್ಲ ಕೇಳಾಕಿಲ್ಲ, ಬಾ."

ಬಾಣಂತಿ ನಗುತ್ತಲೇ ತನ್ನ ಬೊಗಸೆಯ ನೀರನ್ನು ಪೈಪಿನ ಬುಡಕ್ಕೆ ಅರ್ಪಿಸಿ, ಕಣ್ಣು ಒರೆಸಿಕೊಂಡಳು. ಅವಳ ಪಕ್ಕ ನಿಂತು ನಾನು ಬೊಗಸೆ ಒಡ್ಡಿದೆ. ಆ ಅಂಗಳದಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದರೂ, ಹಳದಿಯಾಗುವ ಮೊದಲೂ ನಾನು ಕ್ಯಾನ್ ನೀರಿನವಳು; ಆ ಬೋರಿನ ನೀರು ಬಾಯಿಗೆ ಹಾಕಿದವಳೇ ಅಲ್ಲ. ಮೂರು ಬೊಗಸೆ ಕುಡಿದೆ. ಗಡಸು, ಕೊನೆಗೆ ಸ್ವಲ್ಪ ಸಿಹಿ. ಕಲ್ಲಿನೊಳಗಿಂದ ಬಂದ ನೀರು ಎಂದು ನಾಲಿಗೆಗೆ ತಿಳಿಯುತ್ತಿತ್ತು. ಇಷ್ಟು ಒಳ್ಳೆಯದನ್ನು ನಾವು ಹಾಳು ಮಾಡಿದ್ದೆವು.

ಬಾಣಂತಿ ಬಿಂದಿಗೆ ಸೊಂಟಕ್ಕೇರಿಸಿ, ಬಲಗಾಲಿಟ್ಟು ತನ್ನ ಮನೆಯೊಳಗೆ ಹೋದಳು. ಹೆಂಗಸರು ಹಿಂದೆಯೇ ಹೋದರು. ಅಂಗಳದಲ್ಲಿ ಓನರಮ್ಮ ಮತ್ತು ನಾನು. ಅವರು ನನ್ನ ಒದ್ದೆ ಬಾಯಿಯನ್ನೇ ನೋಡುತ್ತಿದ್ದರು.

"ಎಂಗೈತೆ?"

"ಚೆನ್ನಾಗಿದೆ ಅಮ್ಮ."

ಚೊಂಬನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಜೋಡಿಸಿ ಮುಂದೆ ಒಡ್ಡಿದರು. "ನಂಗೂ ಒಂದು ಬೊಗಸೆ."

ಬೇಡ ಅನ್ನಬೇಕಿತ್ತು. ಅನ್ನಲಾಗಲಿಲ್ಲ, ಹೊಯ್ದೆ. ಅವರು ಕಣ್ಣು ಮುಚ್ಚಿಕೊಂಡು ಕುಡಿದರು. ನುಂಗುವ ಮೊದಲು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡರು.

"ಇದೇ ಕಣವ್ವ," ಎಂದರು. "ಬೋರ್ ಬಿದ್ದ ದಿನ ಕುಡ್ದಿದ್ದು ಇದೇ ನೀರು."

ಮತ್ತೆ ಬೊಗಸೆ ಒಡ್ಡಿದರು.

"ಸಾಕಮ್ಮ," ಅಂದೆ. "ರಿಪೋರ್ಟ್ ಬರಲಿ."

ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ.